ತಿಳಿಯಾದ ಮನಸ್ಸಿನ ‘ಆಗಲ್ಲ’

ಚೆನ್ನೈಯಲ್ಲಿ ನೆಮ್ಮದಿ ಮಾರುವವರಿಗೆ ಬರವಿಲ್ಲ; ಆದರೆ ಆ ನೆಮ್ಮದಿ ಯಾರ ಅನುಕೂಲಕ್ಕೆಂದು ಕೇಳಿಕೊಂಡ ಯೋಗಶಿಕ್ಷಕರು ವಿರಳ. ಪೋರೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಎರಡು ದಶಕಗಳ ಸೇವೆ ಸಲ್ಲಿಸಿ ನಿವೃತ್ತರಾಗುತ್ತಿರುವ ಶ್ರೀಮತಿ ಮಾಧವಿಯವರು ಅಂಥ ವಿರಳರಲ್ಲಿ ಒಬ್ಬರು.

ಮೈಸೂರಿನಿಂದ ಬಂದ ಹೊಸತರಲ್ಲಿ ಅವರ ತರಗತಿ ವೈದ್ಯರಿಗೂ ಅಧಿಕಾರಿಗಳಿಗೂ ಮಾತ್ರ ಮೀಸಲಾಗಿತ್ತು. ಜಗಳವಾಡಿಯೇ ಅದರ ಬಾಗಿಲನ್ನು ಆಯಾಗಳಿಗೂ ತೆರೆಸಿದರು. ಆದರೆ ನಾಗಮಣಿ ಎಂಬ ವಾರ್ಡ್ ಆಯಾ ಆ ಬಾಗಿಲಿಗೆ ಬಂದದ್ದು ಇಷ್ಟಪಟ್ಟಲ್ಲ. ಮೇಲಿಂದ ಮೇಲೆ ಡಬಲ್ ಡ್ಯೂಟಿ ಮಾಡಿ ಹಣ್ಣಾಗಿದ್ದ ಅವರು ರೋಗಿಯ ಕಡೆಯವರ ಮೇಲೆ ಸಿಡುಕಿದ್ದಕ್ಕೆ ಆಡಳಿತಾಧಿಕಾರಿ ಶ್ರೀಕಾಂತ್ ಷರತ್ತು ಹಾಕಿದ್ದರು: ಒಂದು ತಿಂಗಳು ಯೋಗ, ಮನಸ್ಸು ಹದಕ್ಕೆ ಬಂದಿದೆಯೆಂದು ಮಾಧವಿಯವರು ಹೇಳಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

“ಬಗ್ಗೋದನ್ನ ನನಗೇನು ಕಲಿಸ್ತೀರ ಮೇಡಂ? ರಾತ್ರಿಯೆಲ್ಲ ಬಗ್ಗೇ ಇರ್ತೀನಿ,” ಎಂದು ನಾಗಮಣಿ ಮೊದಲ ದಿನವೇ ಚುಚ್ಚಿದರು.

“ಹಂಗಾದ್ರೆ ಇವತ್ತು ಬಗ್ಗಬೇಡಿ. ಮಲ್ಕೊಳ್ಳಿ.”

ಶವಾಸನದಲ್ಲೇ ನಿದ್ದೆಹೋದ ನಾಗಮಣಿಯನ್ನು ಮಾಧವಿಯವರು ಎಬ್ಬಿಸಲಿಲ್ಲ. ಮರುದಿನದಿಂದ ಉಸಿರಾಟ, ಆಮೇಲೆ ಆಸನ. ಬಿಡದೆ ಮಾಡುತ್ತ ಹೋದಂತೆ ಎದೆಯೊಳಗಿನ ಕುದಿ ಇಳಿಯಿತು, ಮನೆಯಲ್ಲೂ ನಿದ್ದೆ ಹತ್ತಿತು. “ಏನಮ್ಮಾ, ಬಯ್ಯೋದೇ ಮರೆತ್ಯಾ?” ಎಂದು ಮಗಳು ಅನು ಕೆಣಕಿದಳು.

ತಿಂಗಳು ಮುಗಿಯುವಾಗ ಶ್ರೀಕಾಂತ್ ಮತ್ತೆ ಡಬಲ್ ಡ್ಯೂಟಿಗೆ ನಿಲ್ಲಲು ಹೇಳಿದರು. “ಆಗಲ್ಲ ಸಾರ್, ಮನೆಗೆ ಹೋಗ್ಬೇಕು,” ಎಂದರು ನಾಗಮಣಿ, ದನಿಯೇರಿಸದೆ. ಶ್ರೀಕಾಂತ್ ನಾಗಮಣಿಯನ್ನು ಕರೆದುಕೊಂಡೇ ಮಾಧವಿಯವರ ಮುಂದೆ ಬಂದರು.

“ನೋಡಿ ಮೇಡಂ, ಇವಳ ಮೂಡ್ ಇನ್ನೂ ಸರಿಹೋಗಿಲ್ಲ. ಇಲ್ಲ ಅಂತ ಒಂದು ಮಾತು ಹೇಳ್ಬಿಡಿ, ಸಾಕು.”

ನಾಗಮಣಿಗೆ ಕಲಿತ ಉಸಿರಾಟವೆಲ್ಲ ಮರೆತಂತಾಯಿತು.

“ಸರಿಹೋಗಿದೆ ಸಾರ್,” ಎಂದರು ಮಾಧವಿಯವರು. “ಮೊದ್ಲು ಕೂಗಾಡಿ ಡ್ಯೂಟಿಗೆ ನಿಲ್ತಿದ್ರು. ಈಗ ಕೂಗದೇನೆ ಮನೆಗೆ ಹೋಗ್ತಾರೆ.”

“ಇದಕ್ಕಾ ನಿಮ್ಮನ್ನ ಇಟ್ಕೊಂಡಿರೋದು?”

“ಯೋಗದಿಂದ ಮನಸ್ಸು ತಿಳಿಯಾಗುತ್ತೆ. ತಿಳಿಯಾದ್ಮೇಲೆ ತಳ ಕಾಣುತ್ತಲ್ವಾ?”

ಷರತ್ತು ಹಾಕಿದವರೇ ಶ್ರೀಕಾಂತ್, ಮಾತು ತಪ್ಪುವಂತಿರಲಿಲ್ಲ. ನಾಗಮಣಿಯವರ ಕೆಲಸ ಉಳಿಯಿತು; ಅಂದು ಅವರು ಹೊತ್ತಿಗೆ ಸರಿಯಾಗಿ ಮನೆಗೂ ಹೋದರು.

ದುಡಿಯುವವರ ಬಾಯಿ ಮುಚ್ಚಿಸಲು ಪ್ರಾಣಾಯಾಮವನ್ನೂ ಬಳಸುವ ಈ ಕಾಲದಲ್ಲಿ, ಕೋಯಂಬೇಡು ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಹೊರುವ ಹೆಂಗಸರಿಗೆ ಕಲಿಸಲು ಹೊರಟಿರುವ ಈ ಗುರುವಿಗೆ ಆಯುರಾರೋಗ್ಯ ತುಂಬಿಬರಲಿ. ಅಲ್ಲಿನ ಶಿಷ್ಯೆಯರೂ ಕಣ್ತುಂಬ ನಿದ್ದೆಮಾಡಿ, ನೆಟ್ಟಗೆ ನಿಂತು, ಮೆಲ್ಲನೆ ಮಾತಾಡಲಿ. ಕೇಳಬೇಕಾದವರಿಗೆ ಅದು ಕೇಳಿಸದೆ ಇರದು.