ಬಟ್ಟೆ ಸುತ್ತಿದ ಗೆಜ್ಜೆ

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅದೂ ನೃತ್ಯದಲ್ಲಿ. ಮೈಸೂರಿನಿಂದ ಆ ಕಾಗದ ಹಿಡಿದುಕೊಂಡು ಕೇರಳ ಗಡಿಯ ನಮ್ಮೂರು ಬಾವಲಿಯಲ್ಲಿ ಬಸ್ಸಿಳಿದ ದಿನ, ಚೆಕ್‌ಪೋಸ್ಟ್ ಪಕ್ಕದ ಚಹಾದಂಗಡಿಯ ಕಾಕ, ಮಗಳೇ ಎನ್ನಲು ಮೋಳೇ ಎನ್ನುವವರು, ಕೇಳಿದ್ದರು, "ಕುಣಿಯೋಕೂ ಡಿಗ್ರಿ ಕೊಡ್ತಾರಾ ಮೋಳೇ?"

"ಕೊಡ್ತಾರೆ ಕಾಕ. ಸರಿಯಾಗಿ ಕುಣೀದಿದ್ರೆ ಫೇಲೂ ಮಾಡ್ತಾರೆ."

ಅಪ್ಪ ಕಾಡಿನ ಕೂಪಿನಲ್ಲಿ ಕಡಿದ ಮರ ಎಳೆದವರು. ಅಮ್ಮ ಕಾಫಿ ತೋಟದಲ್ಲಿ ಹಣ್ಣು ಬಿಡಿಸುವವಳು. ಆ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದೇನೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ದೇವರಿಗಿಂತ ಮೊದಲು ಅದರ ಧೂಳು ಒರೆಸುತ್ತೇನೆ.

ನಾನು ಶಾಲೆಯಲ್ಲಿದ್ದಾಗ ಪೇಟೆಯಿಂದ ಒಬ್ಬರು ನೃತ್ಯ ಕಲಿಸಲು ಬರುತ್ತಿದ್ದರು. ಫೀಸು ಕೊಟ್ಟವರಿಗೆ ಮಾತ್ರ. ಅವರ ಬೆನ್ನ ಹಿಂದೊಂದು ಕಿಟಕಿಯಿತ್ತು, ನಾನು ಅದರ ಹೊರಗೆ ನಿಂತು ಒಳಗಿನ ಮಕ್ಕಳನ್ನು ಎದುರಿನಿಂದ ನೋಡಿ ಹೆಜ್ಜೆ ಹಾಕುತ್ತಿದ್ದೆ. ಅವರ ಬಲಗಾಲು ನನಗೆ ಎಡಗಾಲಾಯಿತು. ಹಾಗೆ ಎಲ್ಲವನ್ನೂ ಅದಲುಬದಲಾಗಿ ಕಲಿತೆ. ಕಾಲೇಜಿನಲ್ಲಿ ಅದನ್ನು ತಿದ್ದಿಕೊಳ್ಳಲು ಒಂದು ವರ್ಷವೇ ಹಿಡಿಯಿತು.

ಅದಕ್ಕೇ ಊರಿನಲ್ಲಿ ಶನಿವಾರದ ತರಗತಿ ಶುರುಮಾಡಿದಾಗ ನಾನು ಮಾಡಿದ್ದು ಒಂದೇ ನಿಯಮ. ಯಾರೂ ಕಿಟಕಿಯ ಹೊರಗೆ ನಿಲ್ಲಬಾರದು. ಫೀಸಿಲ್ಲ. ಶಾಲೆಯವರು ಹಿಂಬದಿಯ ಹಾಲ್ ಬಿಟ್ಟುಕೊಟ್ಟರು. ಕಾಡಿನೊಳಗೆ ಎರಡು ಕಿಲೋಮೀಟರ್ ದೂರದ ಬುಡಕಟ್ಟಿನವರ ಹಾಡಿಯಿಂದ ಏಳು ಹೆಣ್ಣುಮಕ್ಕಳು ಬಂದರು. ಮನೆಯಲ್ಲಿ ಅವರದು ನಮ್ಮ ಕನ್ನಡಕ್ಕೆ ಹತ್ತಿರದ ಮಾತು, ಶಾಲೆಯಲ್ಲಿ ಮಲಯಾಳ, ನನ್ನ ಹತ್ತಿರ ಎರಡನ್ನೂ ಕಲಸಿದ್ದು. ಗೆಜ್ಜೆಗಳು ನನ್ನ ಕಾಲೇಜಿನ ಗೆಳತಿಯರು ಬಳಸಿ ಬಿಟ್ಟವು. ಹತ್ತಿಯ ದಾರಕ್ಕೆ ಪೋಣಿಸಿದ ಆ ಹಳೆಯ ಗೆಜ್ಜೆಗಳನ್ನು ಚೀಲ ತುಂಬಿಸಿಕೊಂಡು ಬಸ್ಸಿನಲ್ಲಿ ತಂದಿದ್ದೆ. ದಾರಿಯುದ್ದಕ್ಕೂ ಜನ ತಿರುತಿರುಗಿ ನೋಡಿದ್ದರು.

ಮಕ್ಕಳನ್ನು ಕಳಿಸಿ ಎಂದು ಕೇಳಲು ಮೊದಲು ನಾನು ಹಾಡಿಗೆ ಹೋಗಿದ್ದೆ, ಜೀಪಿನಲ್ಲಿ, ಮಟಮಟ ಮಧ್ಯಾಹ್ನ. ಎಲ್ಲರಿಗಿಂತ ಚಿಕ್ಕವಳಿಗೆ ಆಗ ಏಳು ವರ್ಷ. ಅವಳ ಅಜ್ಜಿ ಎಲೆಯಡಿಕೆ ಮೆಲ್ಲುತ್ತ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿತು.

"ನಮ್ಮ ಮಕ್ಕಳಿಗೆ ಕುಣಿಯಾದ ನೀವು ಹೇಳ್ಕೊಡ್ಬೇಕಾ ಟೀಚರೇ? ಹುಟ್ದಾಗ್ಲಿಂದ ಕುಣೀತಾನೇ ಅವೆ."

ಎಲ್ಲರೂ ನಕ್ಕರು. ಮಗುವಿನ ಅಮ್ಮ ಮಾತ್ರ ನಗಲಿಲ್ಲ. ವರ್ಷದ ಹಿಂದೆ ಅವಳ ಗಂಡನನ್ನು ಆನೆ ತುಳಿದು ಕೊಂದದ್ದು ಶಾಲೆಯಿಂದ ಹಾಡಿಗೆ ಬರುವ ಅದೇ ದಾರಿಯಲ್ಲಿ.

"ಕಳಿಸ್ತೀನಿ," ಅಂದಳು. "ಅವ್ಳಿಗೆ ಆಸೆ ಅದೆ. ಆದ್ರೆ ಐದು ಗಂಟೆಗೆ ಮನೇಲಿರ್ಬೇಕು. ಒಂದಿನ ತಪ್ಪುದ್ರೆ ಯಾವ ಮಗೂನೂ ಬರಲ್ಲ. ಅಷ್ಟೇ."

ನಾನು ಒಪ್ಪಿಕೊಂಡೆ. ಮಾತು ಕೊಡುವುದು ಸುಲಭ, ಬಿಸಿಲಿತ್ತು.

ನಾಲ್ಕು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಮಕ್ಕಳನ್ನು ಕರೆತಂದು ಬಿಡುತ್ತಿದ್ದವರು ನಾವೆಲ್ಲ ಚೇಟ, ಅಂದರೆ ಅಣ್ಣ, ಎಂದು ಕರೆಯುವ ಜೀಪಿನ ಡ್ರೈವರ್. ನಾಲ್ಕೂವರೆಗೆ ಅವರ ಹಾರ್ನ್ ಕೇಳಿದರೆ ಗೆಜ್ಜೆ ಬಿಚ್ಚಿ, ನಾನು ಮನೆಗೆ ಒಯ್ಯುವ ಚೀಲಕ್ಕೆ ಹಾಕುವುದು ನಮ್ಮ ಪದ್ಧತಿ.

ಆ ಶನಿವಾರವೂ ಹಾರ್ನ್ ಕೇಳಿತು. ತುಲಾ ತಿಂಗಳ ಹಿಂಗಾರು ಮಳೆ ಒಂದು ಸಲ ಸುರಿದು ನಿಂತಿತ್ತು. ಮುಂದಿನ ವಾರವೇ ಶಾಲಾ ಕಲೋತ್ಸವ. ಅಂದು ಮೊದಲ ಸಲ ಏಳು ಜನರ ಕಾಲೂ ಒಟ್ಟಿಗೆ ನೆಲಕ್ಕೆ ಬೀಳುತ್ತಿತ್ತು, ಒಬ್ಬಳೇ ಕುಣಿದ ಹಾಗೆ ಒಂದೇ ಸದ್ದು. ನನ್ನ ಮೈ ಜುಮ್ಮೆಂದಿತು. ಹೊರಗೆ ಹೋಗಿ ಹೇಳಿದೆ, "ಚೇಟಾ, ಒಂದು ಟ್ರಿಪ್ ಹೊಡ್ಕೊಂಡು ಬನ್ನಿ. ಹತ್ತೇ ನಿಮಿಷ."

"ನಿಮ್ಮ ಹತ್ತು ನಿಮಿಷ ನಂಗೊತ್ತು ಟೀಚರೇ. ಆನೆ ಹತ್ರ ವಾಚಿಲ್ಲ."

"ಹೋಗಿ ಬನ್ನಿ ಚೇಟಾ."

ಹೋದರು. ಐದಾಯಿತು. ಐದೂಕಾಲಾಯಿತು. ಆಮೇಲೆ ಫೋನು. ಕಾಟಿಕುಳಂ ಆಚೆ ಜೀಪು ನಿಂತುಬಿಟ್ಟಿದೆ, ಕ್ಲಚ್ ಹೋಗಿದೆ, ಬೇರೆ ವಂಡಿ ನೋಡ್ತೀನಿ, ಅಲ್ಲೇ ಇರಿ ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಹಾಡಿಗೆ ಹೇಳಿಕಳಿಸೋಣವೆಂದರೆ ಅಲ್ಲಿ ರೇಂಜಿಲ್ಲ.

ಕಾಕ ರಸ್ತೆಯಾಚೆಯ ಅಂಗಡಿಯಿಂದಲೇ ಕೂಗಿದರು, "ಫಾರೆಸ್ಟ್‌ನವ್ರಿಗೆ ಫೋನ್ ಮಾಡು ಮೋಳೇ. ಅವ್ರ ಜೀಪು ಬರ್ತದೆ."

ಮಾಡಲಿಲ್ಲ. ಈಗ ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ಅರಣ್ಯ ಇಲಾಖೆಯ ಜೀಪು ಬಂದರೆ ವಿಷಯ ಶಾಲೆಗೆ ಹೋಗುತ್ತದೆ, ಶಾಲೆಯಿಂದ ಪಂಚಾಯತಿಗೆ. ತರಗತಿ ನಿಲ್ಲುತ್ತದೆ. ಬೇಗ ಬೇಗ ನಡೆದರೆ ಅರ್ಧ ಗಂಟೆ, ಇನ್ನೂ ಬೆಳಕಿದೆ, ಅಮ್ಮಂದಿರ ಹತ್ತಿರ ಏನೋ ಹೇಳಿ ಸುಧಾರಿಸಬಹುದು. ಹೀಗೆ ಲೆಕ್ಕ ಹಾಕಿದೆ. ಆ ಸಂಜೆ ನನಗಿದ್ದದ್ದು ಎರಡು ಭಯ. ಒಂದು ಮಕ್ಕಳ ಜೀವದ್ದು, ಇನ್ನೊಂದು ನನ್ನ ತರಗತಿಯದ್ದು. ನಾನು ಎರಡನೆಯದರ ಮಾತು ಕೇಳಿದೆ. ಓದಿದವಳು.

"ನಡೀರಿ," ಅಂದೆ. ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ಟೀಚರ್ ಹೇಳಿದ ಮೇಲೆ ಮುಗಿಯಿತು, ನಡೆದರು.

ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿದ ಮೇಲೆಯೇ ಬೆಳಕು ಎಷ್ಟು ಕಡಿಮೆಯೆಂದು ಗೊತ್ತಾದದ್ದು. ರಸ್ತೆಯಲ್ಲಿ ಸಂಜೆ, ಮರಗಳಡಿ ಆಗಲೇ ಕತ್ತಲು. ಹೆಗಲ ಮೇಲಿನ ಚೀಲ ಹೆಜ್ಜೆಹೆಜ್ಜೆಗೂ ಜಲ್ ಜಲ್ ಎನ್ನುತ್ತಿತ್ತು. ನನಗದು ಧೈರ್ಯ ಕೊಟ್ಟಿತು. ಸದ್ದು ಮಾಡಿದರೆ ಆನೆ ದೂರ ಹೋಗುತ್ತದೆಂದು ಎಲ್ಲೋ ಓದಿದ್ದೆ. "ಚಪ್ಪಾಳೆ ತಟ್ಟಿ, ತಾಳ ಹೇಳಿ. ತೈಯಾ ತೈ..." ಎಂದು ಶುರುಮಾಡಿದೆ.

ದೊಡ್ಡವಳಿಗೆ ಹದಿಮೂರು ವರ್ಷ. ಅವಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಬ್ಯಾಡ ಟೀಚರೇ. ನಾವು ಸದ್ದು ಮಾಡುದ್ರೆ ಅದರ ಸದ್ದು ನಮಗೆ ಕೇಳಲ್ಲ."

ಅವಳೇ ಚೀಲ ಇಳಿಸಿ, ಎಲ್ಲರ ಶಾಲುಗಳನ್ನು ಇಸಿದುಕೊಂಡು, ಗೆಜ್ಜೆಯ ಒಂದೊಂದು ಜೊತೆಗೂ ಬಟ್ಟೆ ಸುತ್ತಿ ಬಿಗಿಯಾಗಿ ತುರುಕಿದಳು. ಅಲುಗಾಡಿಸಿ ನೋಡಿದಳು. ಸದ್ದಿಲ್ಲ. ಆಮೇಲೆ ಮುಂದೆ ಅವಳು, ಹಿಂದೆ ಮಕ್ಕಳು, ಕೊನೆಗೆ ನಾನು. ಅಡ್ಡ ಹರಿಯುವ ತೋಡಿನಲ್ಲಿ ಮೊಣಕಾಲವರೆಗೆ ನೀರು ಬಂದಿತ್ತು, ಒಬ್ಬೊಬ್ಬರಾಗಿ ದಾಟಿದೆವು.

ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು. ಜಲ್.

ಚೀಲ ಒತ್ತಿ ಹಿಡಿದೆ. ಮತ್ತೆ ಜಲ್. ನನ್ನ ಚೀಲದಲ್ಲಲ್ಲ, ಮುಂದೆ.

ದೊಡ್ಡವಳು ತಿರುಗಿ ಬಂದು ಏನೂ ಕೇಳದೆ ಚಿಕ್ಕವಳ ಒದ್ದೆ ಲಂಗ ಎತ್ತಿದಳು. ಎರಡು ಕಾಲಿಗೂ ಗೆಜ್ಜೆ. ದಾರಿಯಲ್ಲಿ ಇಷ್ಟು ಹೊತ್ತೂ ಅದು ಚೀಲದ ಸದ್ದಿನ ಜೊತೆ ಸೇರಿಹೋಗಿತ್ತು. ಚೀಲ ಸುಮ್ಮನಾದ ಮೇಲೆ ಲಂಗವನ್ನು ಕಾಲಿನ ನಡುವೆ ಒತ್ತಿಕೊಂಡು ಅವಳು ಹೇಗೋ ತಡೆದಿದ್ದಾಳೆ.

"ಅವ್ವಂಗೆ ತೋರ್ಸಾಕೆ," ಅಂದಳು ಚಿಕ್ಕವಳು. ಅಳು ಬಾಯಿಯವರೆಗೆ ಬಂದಿತ್ತು.

ಕೂತು ಬಿಚ್ಚಲು ನೋಡಿದೆ. ತೋಡಿನ ನೀರು ಕುಡಿದ ದಾರ ಉಬ್ಬಿ, ಗಂಟು ಕಲ್ಲಾಗಿತ್ತು. ಉಗುರು ಹೋಗಲಿಲ್ಲ. ಆಗ ಬಂತು ವಾಸನೆ. ಹಸಿ ಹುಲ್ಲು, ಸಗಣಿ, ಅದರೊಳಗೊಂದು ಬಿಸಿ. ಬಲಗಡೆಯ ಬಿದಿರಿನಲ್ಲಿ ಒಂದು ಗಳು ಮುರಿದ ಸದ್ದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಮುರಿಯುವ ಸದ್ದಿಗಿಂತ ಕೆಟ್ಟದಾಗಿತ್ತು.

ಚಿಕ್ಕವಳನ್ನು ಬೆನ್ನಿಗೆ ಹಾಕಿಕೊಂಡೆ. ಅವಳ ಎರಡೂ ಕಾಲನ್ನು ನನ್ನ ಹೊಟ್ಟೆಯ ಮೇಲೆ ತಂದು, ಗೆಜ್ಜೆಗಳನ್ನು ಎರಡು ಮುಷ್ಟಿಯಲ್ಲಿ ಅದುಮಿ ಹಿಡಿದೆ. ಉಳಿದ ಮಕ್ಕಳು ಒಂದು ಮತ್ತಿ ಮರಕ್ಕೆ ಬೆನ್ನು ಕೊಟ್ಟು ನಿಂತರು. ನಾನೂ ನಿಂತೆ.

ನನ್ನ ತರಗತಿಯಲ್ಲಿ ಒಂದು ಅಭ್ಯಾಸವಿದೆ. ಗೆಜ್ಜೆ ಕಟ್ಟಿಕೊಂಡು ಒಂದು ಸದ್ದೂ ಬಾರದ ಹಾಗೆ ನಿಲ್ಲುವುದು. ಕುಣಿಯುವುದಕ್ಕಿಂತ ಅದು ಕಷ್ಟ. ಚಿಕ್ಕವಳಿಗೆ ಒಂದು ಸಲವೂ ಸಾಧ್ಯವಾಗಿರಲಿಲ್ಲ, ಮೂಗು ತುರಿಸುತ್ತದೆ, ನೊಣ ಕೂರುತ್ತದೆ, ನಗು ಬರುತ್ತದೆ. ನಾನು ಎಷ್ಟು ಸಲ ರೇಗಿದ್ದೆನೋ.

ಅಂದು ಅವಳ ಕಾಲು ಒಂದಿಷ್ಟೂ ಅಲುಗಲಿಲ್ಲ. ಅಲುಗಿದ್ದು ನನ್ನ ಕೈ. ಮೊಣಕೈಯಿಂದ ಬೆರಳಿನವರೆಗೆ ನಡುಕ, ಮುಷ್ಟಿಯೊಳಗಿನ ಒಂದೊಂದು ಗೆಜ್ಜೆಯಲ್ಲೂ ಒಳಗಿನ ಹರಳು ಉರುಳುವುದು ನನಗೆ ತಿಳಿಯುತ್ತಿತ್ತು. ಇನ್ನೊಂದು ಕ್ಷಣಕ್ಕೆ ಸದ್ದಾಗುತ್ತದೆ, ನನ್ನಿಂದಲೇ ಆಗುತ್ತದೆ. ಆಗ ಅವಳು ನನ್ನ ಭುಜದ ಮೇಲಿಂದ ಎರಡೂ ಕೈ ಇಳಿಬಿಟ್ಟು, ನನ್ನ ಮುಷ್ಟಿಗಳ ಮೇಲೆ ತನ್ನ ಪುಟ್ಟ ಅಂಗೈಗಳನ್ನು ಒತ್ತಿದಳು. ಒತ್ತಿ ಹಾಗೇ ಹಿಡಿದಳು.

ಆನೆಯನ್ನು ನಾನು ನೋಡಲಿಲ್ಲ. ದಾರಿಯ ಮೇಲೆ ಕತ್ತಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು, ಅಷ್ಟೇ. ಹೊಟ್ಟೆಯೊಳಗೆ ಗುಡುಗುವಂತಹ ಸದ್ದು ಕೇಳಿತು. ಅದು ಅದರದೋ ನನ್ನದೋ ಹೇಳಲಾರೆ. ದೊಡ್ಡವಳು ಬಹಳ ಹೊತ್ತು ಕಿವಿಗೊಟ್ಟು ನಿಂತು, ಆಮೇಲೆ ತಲೆ ಆಡಿಸಿದಳು. ನಡೆದೆವು.

"ಟೀಚರೇ," ಬೆನ್ನಿನ ಮೇಲಿನಿಂದ ಪಿಸುಮಾತು. "ನಿಮ್ಗೆ ಪೇಡಿಯಾ?" ಭಯಕ್ಕೆ ನಮ್ಮ ಕಡೆ ಮಲಯಾಳದ ಆ ಮಾತನ್ನೇ ಆಡುತ್ತೇವೆ.

"ಹೂಂ," ಅಂದೆ.

"ನಂಗೂ."

ಹಾಡಿಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಟಾರ್ಚಿನ ಬೆಳಕು ಕಂಡಿತು. ಹೆಂಗಸರು ಹುಡುಕಿಕೊಂಡು ಹೊರಟುಬಿಟ್ಟಿದ್ದರು. ಮುಂದೆ ಚಿಕ್ಕವಳ ಅಮ್ಮ, ಕಂಕುಳಲ್ಲಿ ಕೈಕೂಸು. ಇನ್ನೊಂದು ಹತ್ತು ನಿಮಿಷ ಮೊದಲೇ ಹೊರಟಿದ್ದರೆ ಅವಳು ಆ ಬಿದಿರಿನ ಮುಂದೆ ಇರುತ್ತಿದ್ದಳು. ಚಿಕ್ಕವಳನ್ನು ಬೆನ್ನಿನಿಂದ ಇಳಿಸಿ ನಾನು ದಾರಿಯಲ್ಲೇ ಕೂತೆ.

ಅವಳ ಅಮ್ಮ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗೆಜ್ಜೆಯ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ಎರಡನ್ನೂ ನನ್ನ ಮಡಿಲಿಗೆ ಇಟ್ಟಳು.

"ಇನ್ನು ಕಳಿಸಲ್ಲ ಟೀಚರೇ."

"ಅವ್ವಾ, ನಾನೇ ಹಾಕ್ಕೊಂಡಿದ್ದು..." ಎಂದು ಮಗು ಶುರುಮಾಡಿತು.

"ನೀ ಸುಮ್ನಿರು."

ಸುಧಾರಿಸಬಹುದೆಂದು ಕಟ್ಟಿಕೊಂಡಿದ್ದ ಮಾತುಗಳೆಲ್ಲ ತೋಡಿನ ಆಚೆಯೇ ಉಳಿದಿದ್ದವು. "ತಪ್ಪು ನಂದು," ಅಂದೆ. "ಜೀಪು ಸರಿಯಾದ ಹೊತ್ತಿಗೆ ಬಂದಿತ್ತು. ನಾನೇ ವಾಪಸ್ ಕಳಿಸಿದೆ."

ಆ ರಾತ್ರಿ ಅವರ ಮನೆಯಲ್ಲೇ ಮಲಗಿದೆ. ಬೆಳಿಗ್ಗೆ ಹೊರಡುವಾಗ ಅಜ್ಜಿ ಅಂಗಳ ಗುಡಿಸುತ್ತಿತ್ತು. ತಲೆಯೆತ್ತದೆ ಹೇಳಿತು, "ನಿಮ್ಗೂ ಈಗ ದಾರಿ ಗೊತ್ತಾಯ್ತಲ್ಲ. ಬೇಕಾದ್ರೆ ನೀವೇ ಬನ್ನಿ. ಬಿಸ್ಲು ಬಂದ್ಮೇಲೆ ಬನ್ನಿ."

ನಾನು ಸೊಸೆಯ ಕಡೆ ನೋಡಿದೆ. ಅವಳು ಹೂಂ ಅನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ಕಲೋತ್ಸವ ನಾವಿಲ್ಲದೆ ನಡೆಯಿತು. ಮೂರು ಶನಿವಾರ ಹೊರಟು ಹೊರಟು, ಡಾಂಬರು ಮುಗಿಯುವಲ್ಲಿಂದ ತಿರುಗಿ ಬಂದೆ. ಏಳು ಮಕ್ಕಳನ್ನು ಸಂಜೆ ನಡೆಸಿಕೊಂಡು ಹೋದವಳಿಗೆ ಬೆಳಗ್ಗೆ ಒಬ್ಬಳೇ ಹೋಗಲು ಆಗಲಿಲ್ಲ. ಕಾಕ ನೋಡುತ್ತಿದ್ದರು, ತಮಾಷೆ ಮಾಡಲಿಲ್ಲ. ನಾಲ್ಕನೆಯ ಶನಿವಾರ ಹೋದೆ.

ಈಗ ಪ್ರತಿ ಶನಿವಾರ ಹೋಗುತ್ತೇನೆ. ಚೇಟ ಬಿಡುವಾಗಿದ್ದರೆ ಜೀಪು, ಇಲ್ಲದಿದ್ದರೆ ಕಾಲ್ನಡಿಗೆ. ಹಾಡಿಯ ಅಂಗಳದಲ್ಲಿ ಏಳು ಹದಿನಾಲ್ಕಾಗಿದೆ, ಗಂಡುಹುಡುಗರೂ ಬಂದಿದ್ದಾರೆ. ಅಜ್ಜಿ ಕೂತಲ್ಲಿಂದಲೇ ನನ್ನ ಹೆಜ್ಜೆಗೆ ತಪ್ಪು ಹೇಳುತ್ತದೆ. ಚಿಕ್ಕವಳ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಬಿಸಿಲು ಹಿಂದಿನ ಮರದ ತುದಿ ಮುಟ್ಟಿತೆಂದರೆ "ಟೀಚರೇ, ಹೊರಡಿ" ಎನ್ನುತ್ತಾಳೆ. ಇನ್ನೊಂದು ಸಲ ಎಂಬ ಮಾತು ನಾನು ಆಡುವುದಿಲ್ಲ.

ಭಯ ಹೋಗಿಲ್ಲ. ತೋಡು ದಾಟಿ ಬಿದಿರಿನ ಹತ್ತಿರ ನಿಂತು ಕಿವಿಗೊಡುತ್ತೇನೆ. ಚೀಲವನ್ನು ಎದೆಗೆ ಒತ್ತಿಕೊಂಡು ಮುಂದೆ ನಡೆಯುತ್ತೇನೆ. ಅಂಗಳ ಸೇರಿದಾಗ ಚಿಕ್ಕವಳೇ ಓಡಿಬಂದು ಚೀಲ ಇಸಿದುಕೊಳ್ಳುತ್ತಾಳೆ.

"ಇವತ್ತೂ ಪೇಡಿ ಆಯ್ತಾ?"

"ಆಯ್ತು."

ಅವಳು ತಲೆಯಾಡಿಸಿ ನೆಲದ ಮೇಲೆ ಕೂತು, ಗೆಜ್ಜೆಗಳಿಗೆ ಸುತ್ತಿದ ಬಟ್ಟೆಯನ್ನು ಒಂದೊಂದಾಗಿ ಬಿಚ್ಚುತ್ತಾಳೆ.