ಹಲಬರ್ಗಾದ ಸೋಲಾರ್ ಡ್ರೈಯರ್

ಏನ್ರಪ್ಪಾ ಗೆಳೆಯರೇ, ಇವತ್ತು ಹಲಬರ್ಗಾದಲ್ಲಿ ಸೋಲಾರ್ ಡ್ರೈಯರಿನ ಬಾಗಿಲು ತೆಗೆದರೆ ಒಳಗೆ ಶುಂಠಿಯ ಬದಲು ಶಾವಿಗೆ!

ಹಸಿರು ತಂತ್ರಜ್ಞಾನಕ್ಕೆ ಬಂಡವಾಳ ಹಾಕುವ ಕಂಪನಿಯಲ್ಲಿ ನನ್ನ ಇಂಟರ್ನ್‌ಶಿಪ್. ಶುಂಠಿ ಒಣಗಿಸಲು ಇಲ್ಲಿನ ಮಹಿಳಾ ಸಂಘಕ್ಕೆ ಕೊಟ್ಟ ಡ್ರೈಯರ್ ಇದು. ನನ್ನ ವರದಿ ಚೆನ್ನಾಗಿದ್ದರೆ ಅವರಿಗೆ ಇನ್ನೊಂದು ಸಿಗುತ್ತದೆ.

“ಕಾಕಿ, ಶುಂಠಿ ಎಲ್ಲಿರಿ?” ಎಂದು ಸಂಘದ ಶಾಂತಮ್ಮನನ್ನು ಕೇಳಿದೆ.

“ಶುಂಠಿ ಸುಗ್ಗಿ ಮುಗೀತವ್ವಾ. ಖಾಲಿ ಯಾಕ ಇಡಬೇಕು?”

“ಹೋಗ್ಲಿ, ಶಾವಿಗಿ ಇದರಾಗ ಲಗೂನ ಒಣಗ್ತದಲ್ಲರಿ?” ಎಂದು ಆಸೆಯಿಂದ ಪೆನ್ನು ತೆಗೆದೆ.

ಕಾಕಿ ನಕ್ಕುಬಿಟ್ಟರು. “ಬಿಸಲಿಗೇನು ಬರ ನಮ್ಮಲ್ಲಿ? ಮಾಳಗಿ ಮ್ಯಾಲ ಹಾಕಿದ್ರೂ ಸಂಜಿ ಅನ್ನೂದ್ರಾಗ ಒಣಗ್ತದ. ಮಂಗ್ಯಾಗೋಳು ಬಿಡಬೇಕಲ್ಲಾ! ಇದಕ್ಕ ಚಿಲಕ ಅದ ನೋಡು. ಬಡಿಗಿ ಹಿಡ್ಕೊಂಡು ಕಾಯೋದು ತಪ್ಪಿತು. ಈಗ ನಾವೆಲ್ಲಾ ಆರಾಮ.”

ಅದೇ ಶಾವಿಗೆಗೆ ಹಾಲು, ಬೆಲ್ಲ ಹಾಕಿ ಎರಡು ಸಲ ಬಡಿಸಿದರು. ನಾನೂ ಬೇಡ ಎನ್ನಲಿಲ್ಲ.

ಹಲಬರ್ಗಾದಿಂದ ಬೀದರಿಗೆ ಬರುವ ಬಸ್ಸಿನಲ್ಲೇ ವರದಿ ಮುಗಿಸಿದೆ. ಇನ್ನೊಂದು ಡ್ರೈಯರ್ ಖಂಡಿತ ಕೊಡಿ ಎಂದು ಬರೆದಿದ್ದೇನೆ. ‘ಯಂತ್ರದ ಅತ್ಯಂತ ಉಪಯುಕ್ತ ಭಾಗ’ ಎಂಬ ಕಾಲಮ್ಮಿನಲ್ಲಿ ಮಾತ್ರ ಸುಳ್ಳು ಹೇಳಲು ಮನಸ್ಸಾಗಲಿಲ್ಲ: ಚಿಲಕ.