ಹುಲ್ಲಿನ ಮಷಿನ್ನಿನ ಹಣೆ

ಸ್ಕ್ರೂಡ್ರೈವರ್ ಹಿಡಿದರೆ ನನ್ನ ಕಿರುಬೆರಳು ತಾನಾಗಿಯೇ ಮೇಲೇಳುತ್ತದೆ. ಕಾನ್ವೆಂಟಿನಲ್ಲಿ ಕಸೂತಿ ಸೂಜಿ ಹಿಡಿಯಲು ಕಲಿಸಿದ ಸಿಸ್ಟರ್, ತಮ್ಮ ಪಾಠ ಒಂದು ದಿನ ಬಾಗಲಕೋಟೆಯ ಅಂಗಳದಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಮುಂದೆ ಒರೆಗೆ ಬಂದೀತೆಂದು ಎಣಿಸಿರಲಾರರು.

ನಮ್ಮ ಮನೆಯ ಮುಂದೆ ನಾಲ್ಕು ಜಮಖಾನೆ ಹಾಸುವಷ್ಟು ಹುಲ್ಲಿದೆ. ಬೆಳಿಗ್ಗೆ ಅತ್ತೆ ಅದರ ಮೇಲೆ ಬರಿಗಾಲಲ್ಲಿ ತಿರುಗಾಡುತ್ತಾರೆ; ಅದೊಂದೇ ಅವರ ಹೊರಸಂಚಾರ. ಈ ಸಲ ಮಳೆ ಬಿದ್ದು ಹುಲ್ಲು ಮೊಣಕಾಲಿಗೆ ಎದ್ದಿತು, ನಮ್ಮವರು ಹುರುಪಿನಿಂದ ಕೊಂಡಿದ್ದ ಟೂ-ಸ್ಟ್ರೋಕ್ ಯಂತ್ರ ಮಾತ್ರ ಏಳಲಿಲ್ಲ. ಹಾವಿನ ಭಯಕ್ಕೆ ಅತ್ತೆ ಕಟ್ಟೆಯಿಂದ ಇಳಿಯುವುದನ್ನೇ ಬಿಟ್ಟರು. ನಮ್ಮವರು ಹಗ್ಗ ಜಗ್ಗಿ ಜಗ್ಗಿ ಭುಜ ನೋಯಿಸಿಕೊಂಡು ತೀರ್ಪು ಕೊಟ್ಟರು: "ಸಾಕಾತು. ಅಂಗಳಕ್ಕ ಫರಸಿ ಕಲ್ಲು ಹಾಸಾವ್ಗ ನಾಳೆ ಬರಾಕ ಹೇಳೇನಿ. ಹುಲ್ಲೂ ಬ್ಯಾಡ, ಇದರ ಉಸಾಬರೀನೂ ಬ್ಯಾಡ."

ಕಲ್ಲಿಗೆ ಬರವಿಲ್ಲದ ಸೀಮೆ ನಮ್ಮದು. ಬಾದಾಮಿಯಲ್ಲಿ ಗುಡ್ಡವೇ ಮನೆಗಳೊಳಗೆ ಬಗ್ಗಿ ನೋಡುತ್ತದೆ. ಇಳಕಲ್ಲಿನ ಕೆಂಪು ಕಲ್ಲು ಊರೂರಿನ ಅಂಗಳ ಸೇರುತ್ತದೆ. ಇಲ್ಲಿ ಅಂಗೈಯಗಲ ಹಸಿರಿಗೂ ಒಬ್ಬ ವಕೀಲರು ಬೇಕು.

"ಇವತ್ತೊಂದು ದಿನ ನನಗ ಬಿಡ್ರಿ," ಎಂದೆ.

"ನೀ ಏನ್ ಮಾಡ್ತಿ? ಅದೇನ್ ಮಿಕ್ಸರ್ ಅಂತ ತಿಳದಿ?"

"ಮಿಕ್ಸರ್ ಆಗಿದ್ರ ನೀವು ಮುಟ್ಟೂದ ಇಲ್ಲಲ್ರಿ!"

ಮೊಬೈಲಿನಲ್ಲಿ ಒಂದು ವಿಡಿಯೊ ಹಚ್ಚಿಟ್ಟು, ಹಳೆಯ ಇಳಕಲ್ ಸೀರೆಯ ತುಂಡು ಹಾಸಿ ಕುಳಿತೆ. ಬಿಚ್ಚಿದ ಸ್ಕ್ರೂಗಳು ಒಗ್ಗರಣೆ ಡಬ್ಬಿ ಸೇರಿದವು: ಸಾಸಿವೆಯ ಬಟ್ಟಲಿಗೆ ಗಿಡ್ಡನೆಯವು, ಜೀರಿಗೆಯ ಬಟ್ಟಲಿಗೆ ಉದ್ದನೆಯವು. ಪ್ಲಗ್ಗಿನ ಮಸಿಯನ್ನು ಹಳೆಯ ಹಲ್ಲಿನ ಬ್ರಷ್ಷಿನಿಂದ ತಿಕ್ಕಿದೆ. ಟಾಕಿಯಲ್ಲಿ ಹೋದ ವರ್ಷದ ಪೆಟ್ರೋಲು ಬೆಲ್ಲದ ಪಾಕವಾಗಿತ್ತು; ಅದನ್ನು ತೆಗೆದು, ಕಾರ್ಬೊರೇಟರಿನ ಸಣ್ಣ ತೂತಿಗೆ ತೆಳು ತಂತಿ ಹಾಯಿಸಿದೆ. ಕೊನೆಗೆ ಯಂತ್ರ ಗಾಳಿ ಎಳೆದುಕೊಳ್ಳುವ ಜಾಳಿಗೆಯ ಮುಚ್ಚಳ ತೆಗೆದರೆ, ಒಳಗಿನ ಸ್ಪಂಜಿನಿಂದ ಉದುರಿದ್ದು ಧೂಳಲ್ಲ, ವಿಭೂತಿ! ಮೇಲೆ ಕುಂಕುಮ, ಅಂಟಿಕೊಂಡ ಚೆಂಡುಹೂವಿನ ಎಸಳು.

ಮಹಾನವಮಿಗೆ ಕುಡಗೋಲಿನಿಂದ ಸ್ಕೂಟರಿನವರೆಗೆ ಎಲ್ಲಕ್ಕೂ ಪೂಜೆ ಮಾಡುವವರು ನಮ್ಮ ಅತ್ತೆ. ಕಟ್ಟೆಯಿಂದಲೇ ಬಗ್ಗಿ ನೋಡಿದರು.

"ಅದರ ಹಣಿ ಎಲ್ಲೈತಿ ಅಂತ ತಿಳೀಲಿಲ್ಲವಾ. ಮಾರಿ ಹಂಗ ಕಂಡದ್ದು ಅದೊಂದ. ಮೂರು ಬಟ್ಟಿಲೆ ಗಟ್ಟಿಯಾಗಿ ವಿಭೂತಿ ಹಚ್ಚೇನಿ."

"ಅತ್ತಿ, ಅದು ಹಣಿ ಅಲ್ರಿ, ಮೂಗು!"

"ಅಯ್ಯ, ಹಂಗಾರ ಒಂದ್ ಸಲ ಸೀನಿದ್ರ ತಿಳೀತಿತ್ತಲ್ಲ!"

ಭಕ್ತಿ ಹೆಚ್ಚಾದಾಗ ದೇವರಿಗೂ ಹೀಗೆಯೇ ಉಸಿರು ಕಟ್ಟುತ್ತಿರಬಹುದೇ ಎಂಬ ಅನುಮಾನ ಬಂತು. ಸ್ಪಂಜನ್ನು ಸಾಬೂನು ನೀರಿನಲ್ಲಿ ಹಿಂಡಿ, ಒಣಗಿಸಿ, ಬಿಚ್ಚಿದ್ದನ್ನೆಲ್ಲ ಕೊನೆಯಿಂದ ಮೊದಲಿಗೆ ಜೋಡಿಸಿದೆ. ಹೊಸ ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸಿ ಹಾಕಿ ಹಗ್ಗ ಜಗ್ಗಿದೆ. ಮೌನ. ಮತ್ತೆ ಜಗ್ಗಿದೆ. ಒಂದು ಕೆಮ್ಮು. ಆಮೇಲೆ ನೀಲಿ ಹೊಗೆಯ ಜೊತೆ ಓಣಿಯೇ ತಿರುಗಿ ನೋಡುವ ಆರ್ಭಟ!

ನಮ್ಮವರು ಒಳಗಿನಿಂದ ಓಡಿ ಬಂದರು. ನಕ್ಕರು. ಒಂದು ಕಿವಿ ಮುಚ್ಚಿಕೊಂಡೇ ಫೋನು ಮಾಡಿದರು: "ನಾಳೆ ಬರಬ್ಯಾಡಪಾ... ಇಲ್ಲ, ಫರಸಿ ಬ್ಯಾಡ. ನಮ್ಮ ಮನ್ಯಾಗ ಮೆಕ್ಯಾನಿಕ್ ಬಂದಾಳ." ಮರುಕ್ಷಣ ಯಂತ್ರವನ್ನು ನನ್ನ ಕೈಯಿಂದ ಕಸಿದು, ಅಂಗಳವನ್ನೆಲ್ಲ ಬೋಳಿಸಿಬಿಟ್ಟರು.

ಅತ್ತೆ ಸೆರಗು ಸರಿಮಾಡಿಕೊಂಡು ಇಳಿದರು. ಒಂದು ಹೆಜ್ಜೆ ಇಟ್ಟು ಹಿಂದಕ್ಕೆ ಹಾರಿದರು.

"ಯವ್ವಾ, ಚುಚ್ಚತೈತಿ! ಇಷ್ಟು ಸಣ್ಣಗ ಯಾರ್ ಕತ್ತರಿಸಂದ್ರು? ನಾಕು ದಿನ ಬೆಳೀಲಿ, ತಡೀರಿ."

ಈಗ ನಾವು ಮೂವರೂ ಕಟ್ಟೆಯ ಮೇಲೆ ಸಾಲಾಗಿ ಕುಳಿತು, ಚಹಾ ಕುಡಿಯುತ್ತ, ಹುಲ್ಲು ಬೆಳೆಯುವುದನ್ನು ಕಾಯುತ್ತಿದ್ದೇವೆ.